ಬಾಂಬ್‌ಸೈಟಿಗೆ ಬೈಯುವ ಮುಂಚೆ

ಹಗಲೆಲ್ಲ ಕಾಲೇಜು, ಅಂಗಡಿ, ಹೊಲ ಅಂತ ಓಡಾಡಿ, ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ಹಳೇ ಕಾಲದ ಬಾಂಬರ್ ವಿಮಾನ ಹಾರಿಸುವವರು ಈಗ ನಮ್ಮ ಗೊಟಗೋಡಿಯಂಥ ಊರಲ್ಲೂ ಇದ್ದೀರಿ. ಹಾನಗಲ್, ಸವಣೂರು, ಹಿರೇಕೆರೂರಲ್ಲೂ ಇದ್ದೀರಿ. ಆಡಬೇಡಿ ಎನ್ನಲು ಬಂದಿಲ್ಲ, ಹೆದರಬೇಡಿ. ಮನೆಯ ಕೆಲಸ ಮುಗಿದಿದ್ದರೆ ಆಡಿ. ಆದರೆ ನಿಮ್ಮ ಒಂದು ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬಾಂಬು ರೈಲ್ವೆ ಯಾರ್ಡು ಬಿಟ್ಟು ಆಚೆ ಗದ್ದೆಯಲ್ಲಿ ಬಿತ್ತು ಅನ್ನಿ, ತಕ್ಷಣ ನಿಮ್ಮ ಬಾಯಿಂದ ಬರುವುದು ಒಂದೇ: ‘ಬಾಂಬ್‌ಸೈಟ್ ಸರಿ ಇಲ್ಲರೀ, ಆಟದಾಗ ಬಗ್ ಐತಿ.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹತ್ತರಲ್ಲಿ ಒಂಬತ್ತು ಸಲ ಸೈಟ್ ಸರಿಯಾಗಿಯೇ ಇರುತ್ತದೆ. ನೀವು ಅದಕ್ಕೆ ಕೊಟ್ಟ ಅಂಕಿ ಹಳಸಿರುತ್ತದೆ.

ಸೈಟ್ ಅಂದರೆ ದುರ್ಬೀನು ಮತ್ತು ಲೆಕ್ಕ, ಎರಡೂ ಒಂದೇ ಡಬ್ಬಿಯಲ್ಲಿ. ಓಡುವ ಬಸ್ಸಿನ ಬಾಗಿಲಲ್ಲಿ ನಿಂತು ಹೆದ್ದಾರಿಯ ಗೊಟಗೋಡಿ ಕ್ರಾಸಿಗೆ ಸರಿಯಾಗಿ ಒಂದು ಗಂಟು ಬೀಳಬೇಕೆಂದರೆ, ಕ್ರಾಸು ಬರುವ ಮುಂಚೆಯೇ ಕೈ ಬಿಡಬೇಕಲ್ಲವೇ? ಎಷ್ಟು ಮುಂಚೆ ಬಿಡಬೇಕು ಎಂಬುದನ್ನು ಸೈಟ್ ಲೆಕ್ಕ ಹಾಕಿ ತೋರಿಸುತ್ತದೆ. ನೆಲದಿಂದ 3000 ಮೀಟರ್ ಎತ್ತರದಲ್ಲಿ, ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಬಾಂಬು ನೆಲ ಮುಟ್ಟಲು 25 ಸೆಕೆಂಡಿಗೆ ಸ್ವಲ್ಪ ಕಡಿಮೆ ಬೇಕು. ಅಷ್ಟರಲ್ಲಿ ಅದು 2400 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಅಂದರೆ ಗುರಿ ಇನ್ನೂ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ದೂರ ಇರುವಾಗಲೇ ಗುಂಡಿ ಒತ್ತಬೇಕು. ಇಷ್ಟು ದೂರದ ಲೆಕ್ಕದಲ್ಲಿ ಎತ್ತರ, ವೇಗ, ಗಾಳಿ ಈ ಮೂರರಲ್ಲಿ ಯಾವುದು ಸ್ವಲ್ಪ ತಪ್ಪಿದರೂ ನೂರು ಮೀಟರ್ ಆಚೀಚೆ ಆಗಲು ತಡವಿಲ್ಲ.

ಮೊದಲು ಎತ್ತರದ ಮಾತು. ನಿಮ್ಮಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ. ಆಲ್ಟಿಮೀಟರ್ ಮುಳ್ಳು 3000 ತೋರಿಸಿತು, ಸೈಟಿನಲ್ಲೂ 3000 ತುಂಬಿದಿರಿ, ಮುಗಿಯಿತು ಎಂದುಕೊಂಡಿರಿ. ಆ ಮುಳ್ಳು ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟದಿಂದ ಇರುವ ಎತ್ತರ. ಗುರಿ ಇರುವ ನೆಲ ಸಮುದ್ರಮಟ್ಟದಲ್ಲಿಯೇ ಇರಬೇಕೆಂದೇನೂ ಇಲ್ಲವಲ್ಲ? ನಮ್ಮ ಶಿಗ್ಗಾಂವಿ ಸೀಮೆಯ ನೆಲವೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಂಥ ನೆಲದ ಮೇಲೆ ಮುಳ್ಳು 3000 ತೋರಿಸುವಾಗ ನೀವು ನಿಜವಾಗಿ ಇರುವುದು ನೆಲದಿಂದ 2400ರಲ್ಲಿ. ಸೈಟಿಗೆ 3000 ಎಂದು ಸುಳ್ಳು ಹೇಳಿದರೆ ಬಾಂಬು ಗುರಿ ದಾಟಿ 225 ಮೀಟರ್‌ನಷ್ಟು ಮುಂದೆ ಬೀಳುತ್ತದೆ. ಆದ್ದರಿಂದ ಹೊರಡುವ ಮುಂಚೆ ನಕ್ಷೆಯಲ್ಲಿ ಗುರಿಯ ನೆಲದ ಎತ್ತರ ನೋಡಿ, ಅದನ್ನು ಕಳೆದು, ಉಳಿದದ್ದನ್ನು ತುಂಬಿ. ವಿಮಾನ ಎದ್ದ ರನ್‌ವೇ ಎತ್ತರವನ್ನು ಕಳೆದು ಸುಮ್ಮನಾಗುವವರೂ ಇದ್ದಾರೆ. ಬಾಂಬು ಬೀಳುವುದು ರನ್‌ವೇ ಮೇಲಲ್ಲ, ಗುರಿಯ ಮೇಲೆ.

ಆಲ್ಟಿಮೀಟರಿನ ಪಕ್ಕದಲ್ಲಿರುವ ಒತ್ತಡದ ಗುಂಡಿಯನ್ನು ಮುಟ್ಟಿಯೇ ಇರದವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ! ಆಟ ಶುರುವಾಗುವಾಗ ಬರುವ ಬ್ರೀಫಿಂಗ್‌ನಲ್ಲಿ ಆ ದಿನದ ಗಾಳಿಯ ಒತ್ತಡ, ಉಷ್ಣಾಂಶ ಕೊಟ್ಟಿರುತ್ತಾರೆ. ಅದನ್ನು ಓದದೆ ‘ಮುಂದೆ’ ಒತ್ತುತ್ತೀರಿ. ನೆಲದ ಹತ್ತಿರ ಒಂದು ಮಿಲಿಬಾರ್ ತಪ್ಪಿದರೆ ಎತ್ತರದಲ್ಲಿ ಸುಮಾರು 8 ಮೀಟರ್ ತಪ್ಪುತ್ತದೆ. ಮಳೆಗಾಲದ ದಿನ ಒತ್ತಡ ಇಳಿದಿದ್ದು ನೀವು ಮಾತ್ರ ಮಾಮೂಲಿ 1013ರಲ್ಲೇ ಬಿಟ್ಟಿದ್ದರೆ, ಆ ತಪ್ಪು ನೂರು ಮೀಟರ್ ಮುಟ್ಟಲು ಹೆಚ್ಚು ಹೊತ್ತು ಬೇಡ. ಬ್ರೀಫಿಂಗ್ ಓದಿ. ಎರಡು ನಿಮಿಷದ ಕೆಲಸ.

ವೇಗದ ವಿಷಯ ಇನ್ನೂ ಸೂಕ್ಷ್ಮ. ಡಯಲ್ ಮೇಲೆ ಕಾಣುವ ವೇಗ ನಿಜವಾದ ವೇಗವಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಡಯಲ್ ಕಡಿಮೆ ತೋರಿಸುತ್ತದೆ. ಮಾಮೂಲಿ ಹವೆಯಲ್ಲಿ ಡಯಲ್ ತೋರಿಸುವುದಕ್ಕಿಂತ ನಿಜವಾದ ವೇಗ 1000 ಮೀಟರ್ ಎತ್ತರದಲ್ಲಿ ನೂರಕ್ಕೆ 5ರಷ್ಟು ಹೆಚ್ಚು, 2000ದಲ್ಲಿ 10ರಷ್ಟು, 3000ದಲ್ಲಿ 16ರಷ್ಟು, 4000ದಲ್ಲಿ 22ರಷ್ಟು, 5000ದಲ್ಲಿ 29ರಷ್ಟು. ಈ ಐದು ಅಂಕಿ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿ. 3000 ಮೀಟರಿನಲ್ಲಿ ಡಯಲ್ 300 ಎಂದರೆ ವಿಮಾನ 350ರ ಹತ್ತಿರ ಓಡುತ್ತಿದೆ. ಸೈಟಿಗೆ 300 ಎಂದೇ ಹೇಳಿದಿರೋ, ಬಾಂಬು 340 ಮೀಟರ್ ಮುಂದೆ. ಅಷ್ಟು ದೊಡ್ಡ ತಪ್ಪಿಗೆ ಆಟ ಬರೆದವನನ್ನು ಬೈಯುತ್ತೀರಿ, ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ.

ಇಲ್ಲೊಂದು ಬಲೆ ಇದೆ, ಜಾಣರೂ ಬೀಳುತ್ತಾರೆ. ವೇಗ ತಿದ್ದುವ ಲೆಕ್ಕಕ್ಕೆ ಬೇಕಾದದ್ದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ, ಏಕೆಂದರೆ ಗಾಳಿಯ ಸಾಂದ್ರತೆ ನಿಂತಿರುವುದು ಅದರ ಮೇಲೆ. ಬಾಂಬು ಬೀಳುವ ಲೆಕ್ಕಕ್ಕೆ ಬೇಕಾದದ್ದು ಗುರಿಯ ನೆಲದಿಂದ ಎಣಿಸಿದ ಎತ್ತರ. ಒಂದೇ ಹಾರಾಟದಲ್ಲಿ ಎರಡು ಎತ್ತರ. ಬೆರೆಸಬೇಡಿ.

ಮೈಲಿ, ನಾಟ್, ಕಿಲೋಮೀಟರ್, ಅಡಿ, ಮೀಟರ್ ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. ಇಲ್-2 ಸ್ಟುರ್ಮೊವಿಕ್ ಆಟಗಳ ಸರಣಿಯಲ್ಲಿ ನೀವು ಹಾರಿಸುವ ಹೆಂಕೆಲ್ 111, ಯುಂಕರ್ಸ್ 88 ಜರ್ಮನಿಯವು, ಅವುಗಳ ಡಯಲ್‌ಗಳೆಲ್ಲ ಕಿಲೋಮೀಟರ್. ಅಮೆರಿಕದ ಎ-20 ಹತ್ತಿದರೆ ಮೈಲಿ ಮತ್ತು ಅಡಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್, ಒಂದು ಮೈಲಿ 1.609 ಕಿಲೋಮೀಟರ್, ಒಂದು ಅಡಿ 0.3048 ಮೀಟರ್. 1999ರಲ್ಲಿ ನಾಸಾದ ಮಂಗಳಯಾನ ನೌಕೆಯೊಂದು ಹಾಳಾದದ್ದೇ ಒಂದು ತಂಡ ಪೌಂಡಿನಲ್ಲಿ, ಇನ್ನೊಂದು ತಂಡ ನ್ಯೂಟನ್ನಿನಲ್ಲಿ ಲೆಕ್ಕ ಹಿಡಿದದ್ದರಿಂದ. ಅಂಥವರಿಗೇ ಆದದ್ದು ನಿಮಗೆ ಆಗುವುದಿಲ್ಲ ಎಂದು ಎದೆ ತಟ್ಟಿಕೊಳ್ಳಬೇಡಿ.

ಗಾಳಿ. ಗಾಳಿ ಬಂದಾಗ ತೂರಿಕೋ ಎಂದು ನಮ್ಮವರು ಹೇಳಿದ್ದು ರಾಶಿಗೆ. ಬಾಂಬರಿನಲ್ಲಿ ಗಾಳಿ ನಿಮ್ಮನ್ನೇ ತೂರುತ್ತದೆ. ಸೆಕೆಂಡಿಗೆ 5 ಮೀಟರ್ ಅಡ್ಡಗಾಳಿ ಅಂದರೆ ದೊಡ್ಡದೇನಲ್ಲ. ಆಷಾಢದಲ್ಲಿ ಉತ್ಸವ್ ರಾಕ್ ಗಾರ್ಡನ್ ಎದುರಿನ ಹೆದ್ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಅದಕ್ಕಿಂತ ಜೋರು ಗಾಳಿಯ ಪರಿಚಯ ಇದೆ. ಆದರೂ ಬಾಂಬು ಬೀಳುವ 25 ಸೆಕೆಂಡಿನಲ್ಲಿ ಆ ಸಣ್ಣ ಗಾಳಿಯೇ ಅದನ್ನು 120 ಮೀಟರ್ ಪಕ್ಕಕ್ಕೆ ಒಯ್ಯುತ್ತದೆ.

ಗಾಳಿಯ ದಿಕ್ಕು ತುಂಬುವಾಗ ಇನ್ನೊಂದು ಎಚ್ಚರ. ಹವಾಮಾನದವರು ನೈರುತ್ಯ ಗಾಳಿ ಎಂದರೆ ಗಾಳಿ ನೈರುತ್ಯದಿಂದ ಬರುತ್ತಿದೆ ಎಂದರ್ಥ. ಕೆಲವು ಆಟಗಳು ಗಾಳಿ ಹೋಗುವ ದಿಕ್ಕನ್ನು ಕೊಡುತ್ತವೆ. ಇದನ್ನು ಊಹಿಸಬೇಡಿ. ನೆಲದ ಮೇಲೆ ಎಲ್ಲಾದರೂ ಹೊಗೆ ಏಳುತ್ತಿದ್ದರೆ ಅದು ಯಾವ ಕಡೆ ಬಾಗುತ್ತಿದೆ ನೋಡಿ. ಹೊಗೆ ಇಲ್ಲದಿದ್ದರೆ ಸೈಟನ್ನು ನೇರ ಕೆಳಕ್ಕೆ ತಿರುಗಿಸಿ, ಅದರ ಉದ್ದ ಗೆರೆಯ ಮೇಲೆ ಒಂದು ರಸ್ತೆ ಅಥವಾ ಮರ ಹಿಡಿದು ಸುಮ್ಮನೆ ಹಾರಿ. ಗುರುತು ಗೆರೆಗುಂಟ ಹಿಂದಕ್ಕೆ ಸರಿದರೆ ಅಡ್ಡಗಾಳಿ ಇಲ್ಲ. ಓರೆಯಾಗಿ ಎಡಕ್ಕೆ ಜಾರಿದರೆ ವಿಮಾನ ಬಲಕ್ಕೆ ಹೋಗುತ್ತಿದೆ, ಅಂದರೆ ಗಾಳಿ ಎಡದಿಂದ ನೂಕುತ್ತಿದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ದಿಕ್ಕು ತಪ್ಪಿಸುವುದಿಲ್ಲ. ಹಾಗೆಯೇ, ಸೈಟ್ ಗಾಳಿಯನ್ನೂ ವಿಮಾನದ ವೇಗವನ್ನೂ ಬೇರೆ ಬೇರೆ ಕೇಳಿದರೆ ಬೇರೆ ಬೇರೆಯೇ ಕೊಡಿ. ನೆಲದ ವೇಗ ಲೆಕ್ಕ ಹಾಕಿ ತುಂಬಿ, ಮತ್ತೆ ಗಾಳಿಯನ್ನೂ ತುಂಬಿದರೆ ಒಂದೇ ಗಾಳಿಯನ್ನು ಎರಡು ಸಲ ಎಣಿಸಿದ ಹಾಗೆ.

ಇಷ್ಟೆಲ್ಲ ಸರಿ ಮಾಡಿ ಕೊನೆಗೆ ವಿಮಾನವನ್ನೇ ನೆಟ್ಟಗೆ ಹಾರಿಸದಿದ್ದರೆ ಏನು ಬಂತು? 3000 ಮೀಟರಿನಲ್ಲಿ ವಿಮಾನ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ವಾಲಿದ್ದರೂ ಸೈಟಿನ ಕಣ್ಣು ನೆಲದ ಮೇಲೆ 50 ಮೀಟರ್ ಸರಿಯುತ್ತದೆ. ಮೂತಿ ಒಂದು ಡಿಗ್ರಿ ಎದ್ದರೂ ಬಿದ್ದರೂ 85 ಮೀಟರ್. ಅಮೆರಿಕದ ಬಾಂಬರ್‌ಗಳಲ್ಲಿದ್ದ ನಾರ್ಡನ್ ಸೈಟಿನಲ್ಲಿ ಜೈರೋ (ಸೈಟನ್ನು ಸ್ಥಿರವಾಗಿ ಹಿಡಿಯುವ ಸುತ್ತುವ ಚಕ್ರ) ನೆಟ್ಟಗಿದೆಯೇ ಎಂದು ನೋಡಲು ಗಾರೆಯವರ ರಸಮಟ್ಟದಲ್ಲಿ ಇರುವಂಥದೇ ಎರಡು ನೀರ್ಗುಳ್ಳೆಗಳಿದ್ದವು. ಬಾಂಬು ಎಸೆಯುವವನು ಗುಂಡಿ ತಿರುಗಿಸಿ ಆ ಗುಳ್ಳೆಗಳನ್ನು ನಡುವಿಗೆ ತಂದ ಮೇಲೆಯೇ ಗುರಿ ನೋಡುತ್ತಿದ್ದ. ನಿಮ್ಮ ಆಟದಲ್ಲಿ ಆ ಗುಳ್ಳೆಗಳಿದ್ದರೆ ಅಲಂಕಾರಕ್ಕೆ ಇಟ್ಟಿದ್ದಾರೆ ಎಂದುಕೊಳ್ಳಬೇಡಿ. ತಿರುವಿನ ನಡುವೆ ಜೈರೋ ಬಿಡಬೇಡಿ; ವಿಮಾನ ನೆಟ್ಟಗಾಗಿ, ವೇಗ ನಿಂತು, ಮುಳ್ಳುಗಳು ಅಲುಗಾಡುವುದು ಬಿಟ್ಟ ಮೇಲೆ ಬಿಡಿ.

ಬ್ರಿಟಿಷರ ಮಾರ್ಕ್ 14 ಸೈಟ್ ಇದಕ್ಕಿಂತ ಉದಾರಿ. ವಿಮಾನ ಸ್ವಲ್ಪ ವಾಲಿಕೊಂಡು ಬಂದರೂ ಅದು ಲೆಕ್ಕ ಹಿಡಿಯುತ್ತಿತ್ತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್. ಅವರು 1948ರಲ್ಲಿ ನಮ್ಮ ಸರ್ಕಾರಕ್ಕೆ ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೊಟ್ಟವರು, ನೊಬೆಲ್ ಬಂದದ್ದೂ ಅದೇ ವರ್ಷ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ಗೆ ಹಾರಿಸಿ ತಂದು ರಿಪೇರಿ ಮಾಡಿ ನಮ್ಮ ವಾಯುಪಡೆಗೆ ಕೊಟ್ಟದ್ದೂ ಆ ದಿನಗಳಲ್ಲೇ. ಬೆಂಗಳೂರಿಗೆ ಹೋದಾಗ ಮಾಲ್ ಸುತ್ತುವ ಬದಲು ಒಂದು ಮಧ್ಯಾಹ್ನ ಎಚ್‌ಎಎಲ್ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಪರದೆ ಮೇಲೆ ಕಂಡದ್ದು ಎಷ್ಟು ದೊಡ್ಡದಿರುತ್ತದೆ ಎಂದು ಆಗ ತಿಳಿಯುತ್ತದೆ.

ಗುರಿಯ ಕಡೆ ತಿರುಗುವುದನ್ನು ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಕನಿಷ್ಠ 20 ಕಿಲೋಮೀಟರ್ ಮುಂಚೆಯೇ ನೇರ ದಾರಿ ಹಿಡಿಯಿರಿ. 350ರ ವೇಗದಲ್ಲಿ ಅದು ಮೂರೂವರೆ ನಿಮಿಷದ ಮಾತು. ಬಾಂಬಿನ ಬಾಗಿಲನ್ನು ಮೊದಲೇ ತೆರೆಯಿರಿ, ಆಮೇಲೆ ವೇಗ ಓದಿ. ಬಾಗಿಲು ತೆರೆದರೆ ಗಾಳಿಯ ತಡೆ ಹೆಚ್ಚಿ ವೇಗ ಇಳಿಯುತ್ತದೆ. ಮುಚ್ಚಿದ ಬಾಗಿಲಲ್ಲಿ ಅಳೆದ ವೇಗವನ್ನು ಸೈಟಿಗೆ ಕೊಟ್ಟು, ಕೊನೇ ಹತ್ತು ಸೆಕೆಂಡಿನಲ್ಲಿ ಬಾಗಿಲು ತೆರೆಯುವ ನಿಮ್ಮ ಚಾಳಿಯೇ ಎಷ್ಟೋ ಬಾಂಬನ್ನು ಗದ್ದೆಗೆ ಹಾಕಿದೆ. ಮೊದಲ ಕಂತು ಬಿದ್ದ ಮೇಲೆ ವಿಮಾನ ಹಗುರಾಗಿ ತಾನೇ ಮೇಲೇಳುತ್ತದೆ. ಎರಡನೇ ಸುತ್ತಿಗೆ ಹಳೇ ಎತ್ತರ, ಹಳೇ ಟ್ರಿಮ್ ಇಟ್ಟುಕೊಂಡು ಬರಬೇಡಿ, ಮತ್ತೆ ನೋಡಿ.

ನೆಟ್ಟಗೆ ಬರುವುದರ ಬೆಲೆ ನಮ್ಮ ಸೀಮೆಯ ಪಕ್ಕದಲ್ಲೇ ಒಮ್ಮೆ ಕಂಡಿದೆ. 1961ರ ಡಿಸೆಂಬರ್ 18ರ ಬೆಳಿಗ್ಗೆ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಪುಣೆಯಿಂದ ಎದ್ದ 12 ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ಪಕ್ಕದ ಟರ್ಮಿನಲ್ ಕಟ್ಟಡಕ್ಕೆ ಪೆಟ್ಟು ಬೀಳಕೂಡದು ಎಂಬ ಕಟ್ಟಪ್ಪಣೆ ಇತ್ತು, ಕಟ್ಟಡ ಉಳಿಯಿತು. ಅದೇ ದಿನ ಬೆಳಗಾವಿಯ ಸಾಂಬ್ರಾದಿಂದ ಹೋದ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ಗೊಟಗೋಡಿಯಿಂದ ನೇರ ಗೆರೆ ಎಳೆದರೆ ದಾಬೋಲಿಂ 150 ಕಿಲೋಮೀಟರ್ ಆಸುಪಾಸು. ರನ್‌ವೇ ಬೇಕು, ಪಕ್ಕದ ಕಟ್ಟಡ ಬೇಡ ಎಂಬುದು ಆಟದ ಸ್ಕೋರಿನ ಮಾತಲ್ಲ, ಒಳಗಿದ್ದವರ ಜೀವದ ಮಾತಾಗಿತ್ತು. ಬಾಂಬಿನ ಆಟ ಎಂದು ಮೂಗು ಮುರಿಯುವ ಹಿರಿಯರಿಗೆ ಇದನ್ನೂ ಹೇಳಿ; ಬೇಡದ್ದಕ್ಕೆ ತಾಗದಂತೆ ನೋಡಿಕೊಳ್ಳುವುದೂ ಇದೇ ಕಲಿಕೆಯಲ್ಲಿ ಬರುತ್ತದೆ.

ಇನ್ನು ನಿಮ್ಮ ಮೇಜಿನ ಮೇಲಿರುವ ಜಾಯ್‌ಸ್ಟಿಕ್. ಅಯ್ಯೋ, ಅದರ ಸ್ಥಿತಿ! ಸವಣೂರು ಖಾರಾ ತಿಂದ ಕೈಯಲ್ಲೇ ಹಿಡಿಯುತ್ತೀರಿ. ಎಣ್ಣೆ, ಮಸಾಲೆ, ಕಿಟಕಿಯಿಂದ ಬರುವ ಗೋವಿನಜೋಳದ ಹೊಟ್ಟು ಎಲ್ಲ ಸೇರಿ ಬುಡದ ಸಂದಿಯಲ್ಲಿ ಮೆತ್ತಿಕೊಂಡಿರುತ್ತದೆ. ಕಡಿಮೆ ಬೆಲೆಯ ಜಾಯ್‌ಸ್ಟಿಕ್ ಒಳಗಿರುವುದು ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆಯ ಜಾತಿಯದೇ: ಇಂಗಾಲದ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಉಜ್ಜುತ್ತ ಓಡಾಡುತ್ತದೆ. ಪಟ್ಟಿ ಸವೆದರೆ ಅಥವಾ ಧೂಳು ಕೂತರೆ ಕೈ ಬಿಟ್ಟರೂ ಅದು ನಡುವಿಗೆ ಬರುವುದಿಲ್ಲ. ನೀವು ನೇರ ಹಾರುತ್ತಿದ್ದೇನೆ ಎಂದುಕೊಂಡಿರುತ್ತೀರಿ, ವಿಮಾನ ಸದ್ದಿಲ್ಲದೆ ಎಡಕ್ಕೆ ವಾಲುತ್ತಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವಾರಕ್ಕೊಮ್ಮೆ ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರೆದು, ಕೈ ಬಿಟ್ಟಾಗ ಕೂಡುಗುರುತು ಚೌಕದ ನಡುವೆ ನಿಲ್ಲುತ್ತದೆಯೇ, ನಾಲ್ಕೂ ಮೂಲೆ ಮುಟ್ಟುತ್ತದೆಯೇ ನೋಡಿ. ನಡುಗುತ್ತಿದ್ದರೆ ಅಲ್ಲೇ ಕ್ಯಾಲಿಬ್ರೇಟ್ ಮಾಡಿ. ಆಮೇಲೂ ಸ್ವಲ್ಪ ನಡುಕ ಉಳಿದರೆ ಆಟದಲ್ಲಿ ಡೆಡ್‌ಝೋನ್ ಒಂದಿಷ್ಟು ಹೆಚ್ಚಿಸಿ, ಬಹಳ ಬೇಡ.

ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇನ್ನೊಂದು ಮಾತು ನೆನಪಿಡಿ. ಕೆಲವು ಜಾಯ್‌ಸ್ಟಿಕ್‌ಗಳು ಜೋಡಿಸಿದ ಕ್ಷಣದಲ್ಲಿ ಕೋಲು ಎಲ್ಲಿದೆಯೋ ಅದನ್ನೇ ನಡು ಎಂದು ಹಿಡಿದುಬಿಡುತ್ತವೆ. ಕಂಪ್ಯೂಟರ್ ಮತ್ತೆ ಶುರುವಾಗುವಾಗ ಕೋಲು ಹಿಡಿದು ಆತುರಪಡಬೇಡಿ. ಕೈ ಮಡಿಲಲ್ಲಿರಲಿ.

ಈಗ ನಿಜವಾದ ಪರೀಕ್ಷೆ. ಸೈಟ್ ಸರಿ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಯುದ್ಧದ ನಡುವೆ, ಹಿಂದೆ ಶತ್ರು ವಿಮಾನ ಅಟ್ಟಿಸಿಕೊಂಡು ಬರುವಾಗ ನೋಡುವುದಲ್ಲ. ಗಾಳಿ ಸೊನ್ನೆ, ಒತ್ತಡ ಮಾಮೂಲಿ, ಗುರಿ ಸಮುದ್ರಮಟ್ಟದ ಬಯಲು, ಹೀಗೆ ಒಂದು ಖಾಲಿ ಮಿಷನ್ ಮಾಡಿಕೊಳ್ಳಿ. ಒಂದೇ ಎತ್ತರ, ಒಂದೇ ವೇಗ, ಒಂದೇ ದಿಕ್ಕಿನಿಂದ ಬಂದು ಹಲವು ಸಲ ಬಾಂಬು ಬಿಡಿ. ಒಂದು ಬಾಂಬು ನೋಡಿ ತೀರ್ಮಾನ ಮಾಡಬೇಡಿ, ಅದು ನಿಮ್ಮ ಕೈ ನಡುಗಿದ್ದೂ ಆಗಿರಬಹುದು. ಎಲ್ಲವೂ ಒಂದೇ ಕಡೆ, ಒಂದೇ ಅಂತರದಲ್ಲಿ ಗುಂಪಾಗಿ ತಪ್ಪಿದ್ದರೆ ತುಂಬಿದ ಅಂಕಿಯಲ್ಲಿ ದೋಷ. ಒಂದು ಇತ್ತ ಒಂದು ಅತ್ತ ಚೆದುರಿದ್ದರೆ ನಿಮ್ಮ ಹಾರಾಟದಲ್ಲಿ ದೋಷ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸರಿ ಬಂದ ಮೇಲೆ ಗಾಳಿ ಸೇರಿಸಿ ನೋಡಿ, ಆಮೇಲೆ ಎತ್ತರದ ನೆಲ ಸೇರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎತ್ತರವನ್ನೂ ವೇಗವನ್ನೂ ಒಟ್ಟಿಗೆ ತಿರುಗಿಸಿ, ಬಾಂಬು ಅದೃಷ್ಟಕ್ಕೆ ಗುರಿಗೆ ಬಿದ್ದರೆ ಯಾವುದು ತಪ್ಪಿತ್ತು ಎಂದು ನಿಮಗೆ ಎಂದೂ ತಿಳಿಯುವುದಿಲ್ಲ.

ಬಿದ್ದ ಜಾಗದ ಸ್ಕ್ರೀನ್‌ಶಾಟ್ ತೆಗೆದಿಡಿ. ‘ಹತ್ತಿರಾನೇ ಬಿತ್ತು’ ಎನ್ನುವ ನಿಮ್ಮ ನೆನಪನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. 1941ರಲ್ಲಿ ಬ್ರಿಟನ್ನಿನಲ್ಲಿ ಬಟ್ ಎಂಬುವರು ರಾತ್ರಿ ದಾಳಿಯ ಫೋಟೋಗಳನ್ನು ಹರಡಿಕೊಂಡು ಕೂತು ಪರೀಕ್ಷಿಸಿದಾಗ, ಗುರಿ ಹೊಡೆದೆವು ಎಂದು ಬರೆಸಿದ್ದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ 5 ಮೈಲಿ ಒಳಗೆ ಹೋಗಿತ್ತು. ಹೇಳಿದವರು ಸುಳ್ಳುಗಾರರಲ್ಲ, ಹಾಗೆಂದೇ ಅವರು ನಂಬಿದ್ದರು. ಸ್ಕ್ರೀನ್‌ಶಾಟಿನ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ ಇಡಿ: ವಿಮಾನ, ಎತ್ತರ, ಡಯಲ್ ವೇಗ, ತಿದ್ದಿದ ವೇಗ, ಗಾಳಿ, ಎಂಜಿನ್ ಎಷ್ಟರಲ್ಲಿ ಇಟ್ಟಿದ್ದಿರಿ, ಎಷ್ಟು ಮುಂದೆ ಅಥವಾ ಹಿಂದೆ ಬಿತ್ತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು. ಒಂದೇ ವಿಮಾನ, ಒಂದೇ ಎತ್ತರ ಹಿಡಿದು ಅದನ್ನು ಪಳಗಿಸಿಕೊಳ್ಳಿ, ಆಮೇಲೆ ಬೇರೆಯದಕ್ಕೆ ಹೋಗಿ.

ಆ ನೋಟ್‌ಬುಕ್ಕನ್ನು ಗೆಳೆಯರಿಗೆ ತೋರಿಸಿ, ಬೇಡ ಎನ್ನುವುದಿಲ್ಲ. ಆದರೆ ಹೆಂಕೆಲ್‌ನ ಅಂಕಿಯನ್ನು ಸೋವಿಯತ್ ಬಾಂಬರ್ ಪೆ-2 ಹಾರಿಸುವವರು ನಕಲು ಮಾಡಿಕೊಂಡರೆ ಕೆಲಸಕ್ಕೆ ಬಾರದು. ಬಾಂಬಿನ ಆಕಾರ ತೂಕ ಬದಲಾದರೂ ಬೀಳುವ ದಾರಿ ಬದಲಾಗುತ್ತದೆ. ಆಟಕ್ಕೆ ಹೊಸ ಅಪ್‌ಡೇಟ್ ಬಂದ ದಿನವಂತೂ ಹಳೇ ಪುಟವನ್ನು ನಂಬಬೇಡಿ. ಕೀಗಳು ಹಾಗೇ ಇವೆಯೇ ನೋಡಿಕೊಂಡು, ಖಾಲಿ ಮಿಷನ್ನಿನಲ್ಲಿ ಒಂದು ಸುತ್ತು ಬಾಂಬು ಬಿಟ್ಟು, ಪುಟದ ಮೇಲೆ ಆ ದಿನದ ತಾರೀಖು ಹಾಕಿ. ಇಷ್ಟರಲ್ಲಿ ರಾತ್ರಿ ಹನ್ನೊಂದಾಗಿರುತ್ತದೆ. ಯುದ್ಧ ನಾಳೆಗಿರಲಿ, ಹೋಗಿ ಮಲಗಿ.